ಕಾನ್ಸುಲ್ ಜನರಲ್ ಭೇಟಿ, ಪೇಟದ ಬಿಲ್ಲು ಮತ್ತು ನನ್ನ ಆರ್‌ಟಿಐ

ಪೇಪರಿನಲ್ಲಿ ಒಂದು ಫೋಟೊ ಬಂದಿತ್ತು. ರಾಜ್ಯದ ಸಚಿವರೊಬ್ಬರು, ಪಕ್ಕದಲ್ಲಿ ಒಂದು ದೇಶದ ಕಾನ್ಸುಲ್ ಜನರಲ್ (ಈ ಭಾಗಕ್ಕೆ ಆ ದೇಶ ಇಟ್ಟಿರುವ ಕಚೇರಿಯ ಮುಖ್ಯಸ್ಥರು), ಮಧ್ಯೆ ಹೂಗುಚ್ಛ. ಕೆಳಗೆ ಎರಡೇ ಸಾಲು. ಕೆರೆ ನೀರು ಶುದ್ಧ ಮಾಡುವ ತಂತ್ರಜ್ಞಾನದ ಬಗ್ಗೆ ಚರ್ಚೆ ನಡೆಯಿತಂತೆ. ಯಾವ ಕೆರೆ, ಯಾರ ದುಡ್ಡು, ಏನಾದರೂ ಒಪ್ಪಿಕೊಂಡರಾ ಅಂತ ಒಂದಕ್ಷರ ಇಲ್ಲ. ನಾನು ಕೆರೆಗಳ ವಿಷಯದಲ್ಲಿ ಆಗಾಗ ಮಾಹಿತಿ ಹಕ್ಕಿನ ಅರ್ಜಿ ಹಾಕುವವನು, ಒತ್ತುವರಿ, ಹೂಳು, ಟೆಂಡರ್ ಇಂಥದ್ದು. ಇದನ್ನೂ ಹಾಗೇ ಕೇಳಿಬಿಡೋಣ ಅಂದುಕೊಂಡೆ. ವಿದೇಶಿಯರು ಅಂದ ತಕ್ಷಣ ಅದೇ ಕಚೇರಿಯ ಗಾಳಿಯೇ ಬದಲಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮೊದಲ ಅರ್ಜಿಯಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. "ಸಚಿವರು ಕಾನ್ಸುಲ್ ಜನರಲ್ ಜೊತೆ ಏನು ಮಾತನಾಡಿದರು, ಯಾವ ಭರವಸೆ ಕೊಟ್ಟರು, ಯಾಕೆ ಕೊಟ್ಟರು" ಅಂತ ಬರೆದೆ. ಇಪ್ಪತ್ತೆಂಟನೇ ದಿನ ಹಿಂಬರಹ ಬಂತು. ಒಂದೂವರೆ ಸಾಲು. ಕೋರಿರುವ ಮಾಹಿತಿ ಪ್ರಶ್ನೆಯ ರೂಪದಲ್ಲಿದೆ, ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎ) ಪ್ರಕಾರ ಕೊಡಲು ಬರುವುದಿಲ್ಲ.

ಬೇಜಾರಾಯಿತು, ಆದರೆ ಅರ್ಧ ತಪ್ಪು ನನ್ನದೇ. ಕಚೇರಿಯಲ್ಲಿ ಇರುವ ದಾಖಲೆ ಕೊಡುವುದಷ್ಟೇ ಅವರ ಕೆಲಸ, ಇಲ್ಲದ ಮಾಹಿತಿ ಹುಟ್ಟುಹಾಕಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. "ಯಾಕೆ" ಅಂತ ಕೇಳಿದರೆ ಅದಕ್ಕೆ ಕಾಗದ ಎಲ್ಲಿಂದ ಬರಬೇಕು?

ಎರಡನೇ ಸಲ ಹಾಕುವ ಮುಂಚೆ ಸ್ವಲ್ಪ ಓದಿದೆ. ಆಗ ಗೊತ್ತಾದ ಒಂದು ವಿಷಯ ಆಮೇಲೆ ತುಂಬ ಉಪಯೋಗಕ್ಕೆ ಬಂತು. ರಾಯಭಾರಿ ಬೇರೆ, ಕಾನ್ಸುಲ್ ಬೇರೆ. ರಾಯಭಾರ ಕಚೇರಿಯ ಅಧಿಕೃತ ವ್ಯವಹಾರ ಏನಿದ್ದರೂ ವಿದೇಶಾಂಗ ಸಚಿವಾಲಯದ ಮೂಲಕ, ಇಲ್ಲವೇ ಮೊದಲೇ ಒಪ್ಪಿಕೊಂಡ ಬೇರೆ ಸಚಿವಾಲಯದ ಮೂಲಕ ನಡೆಯಬೇಕು ಅನ್ನುತ್ತದೆ 1961ರ ವಿಯೆನ್ನಾ ಒಪ್ಪಂದ. ಕಾನ್ಸುಲ್‌ಗಳಿಗೆ 1963ರ ಇನ್ನೊಂದು ವಿಯೆನ್ನಾ ಒಪ್ಪಂದ ಇದೆ. ಅದರ ಪ್ರಕಾರ ಅವರು ತಮ್ಮ ವ್ಯಾಪ್ತಿಯ ಸ್ಥಳೀಯ ಅಧಿಕಾರಿಗಳ ಜೊತೆ ನೇರವಾಗಿ ವ್ಯವಹರಿಸಬಹುದು. ಅಂದರೆ ಕಾನ್ಸುಲ್ ಜನರಲ್ ಬಂದು ಹೋದರೆ ಅದರ ಕಡತ ನಮ್ಮ ರಾಜ್ಯದ ಇಲಾಖೆಯಲ್ಲೇ ಹುಟ್ಟಿರುವ ಸಾಧ್ಯತೆ ಜಾಸ್ತಿ. "ದೆಹಲಿಗೆ ಕೇಳಿ" ಅಂತ ಯಾರಾದರೂ ಸಾಗಹಾಕಲು ನೋಡಿದರೆ ಇದನ್ನು ಹೇಳಬಹುದು. ನನಗೂ ಒಬ್ಬರು ಹಾಗೆ ಅಂದರು. ಹಾಗಿದ್ದರೆ ಕಲಂ 6(3)ರ ಪ್ರಕಾರ ಐದು ದಿನದೊಳಗೆ ನೀವೇ ವರ್ಗಾಯಿಸಿ ಸರ್ ಅಂದೆ. ಮತ್ತೆ ಆ ಮಾತು ಬರಲಿಲ್ಲ.

ಇನ್ನೊಂದು ವಿಷಯ. ರಾಯಭಾರಿ, ಕಾನ್ಸುಲ್‌ಗಳ ಕಚೇರಿಯ ಕಾಗದಪತ್ರ ಮುಟ್ಟುವ ಹಾಗಿಲ್ಲ, ಅದೂ ಅದೇ ಒಪ್ಪಂದಗಳಲ್ಲಿದೆ. ಆದರೆ ನಮ್ಮ ಅಧಿಕಾರಿ ಭೇಟಿ ಮುಗಿದ ಮೇಲೆ ಬರೆದ ಟಿಪ್ಪಣಿ ನಮ್ಮದು.

ಈಗ ಎರಡನೇ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕೇಂದ್ರ ಸರ್ಕಾರಕ್ಕಾದರೆ 500 ಪದ. ಶುಲ್ಕ ಎರಡೂ ಕಡೆ 10 ರೂಪಾಯಿ. ನಾನು ಪದ ಎಣಿಸಿ ಎಣಿಸಿ ಬರೆದೆ. ಮಾತುಕತೆಯ ಸುದ್ದಿಗೇ ಹೋಗಲಿಲ್ಲ. ಕೇಳಿದ್ದು ಇಷ್ಟು: ಫೋಟೊದಲ್ಲಿದ್ದ ಭೇಟಿಯೂ ಸೇರುವ ಮೂರು ತಿಂಗಳಲ್ಲಿ ವಿದೇಶಿ ಪ್ರತಿನಿಧಿಗಳ ಜೊತೆ ಸಚಿವರ ಭೇಟಿಗೆ ನಿಗದಿಯಾಗಿದ್ದ ದಿನಾಂಕಗಳ ಪಟ್ಟಿ, ಭೇಟಿ ಕೋರಿ ಬಂದ ಪತ್ರದ ಆವಕ ಸಂಖ್ಯೆ, ಆ ಕಡತದ ಸಂಖ್ಯೆ ಮತ್ತು ಟಿಪ್ಪಣಿ ಹಾಳೆಗಳ (ಅಧಿಕಾರಿಗಳು ಕಡತದಲ್ಲಿ ತಮ್ಮ ಅಭಿಪ್ರಾಯ ಬರೆಯುವ ಹಾಳೆಗಳು) ದೃಢೀಕೃತ ಪ್ರತಿ, ಭೇಟಿಯ ಖರ್ಚಿನ ಬಿಲ್ಲುಗಳು.

ಖರ್ಚಿನ ಬಿಲ್ಲು ಯಾಕೆ ಅಂತ ನನ್ನ ಗೆಳೆಯನೂ ನಕ್ಕಿದ್ದ. ಆದರೆ ಮೊದಲು ಬಂದಿದ್ದೇ ಅದು, ಯಾಕಂದರೆ ಬಿಲ್ಲಿಗೆ ದೇಶದ ಭದ್ರತೆಯ ಕಲಂ ಅಂಟಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಮೈಸೂರು ಪೇಟ, ಶಾಲು, ಗಂಧದ ಹಾರ, ನೆನಪಿನ ಕಾಣಿಕೆ, ಕಾಫಿ, ಗೋಡಂಬಿ. ನೋಡುತ್ತಾ ಹೋದರೆ ಎರಡು ತಾರೀಖಿನ ಬಿಲ್ಲು ಇದೆ. ಪೇಪರಿನಲ್ಲಿ ಬಂದಿದ್ದು ಒಂದೇ ಭೇಟಿ. ಅದಾಗಿ ಹತ್ತೊಂಬತ್ತು ದಿನಕ್ಕೆ ಇನ್ನೊಂದು ಆಗಿದೆ, ಅದಕ್ಕೆ ಫೋಟೊ ಇಲ್ಲ, ಪತ್ರಿಕಾ ಪ್ರಕಟಣೆ ಇಲ್ಲ, ಆದರೆ ಮೂರು ಪೇಟ ಇವೆ! ಮೊದಲ ಸಲ ಒಂದೇ ಪೇಟ. ಹಾಗಾದರೆ ಎರಡನೇ ಸಲ ಕಾನ್ಸುಲ್ ಜನರಲ್ ಜೊತೆ ಇನ್ನಿಬ್ಬರು ಬಂದಿದ್ದಾರೆ. ಯಾರು? ಅಲ್ಲಿಂದ ನನಗೆ ನಿಜವಾದ ಆಸಕ್ತಿ ಶುರುವಾಯಿತು.

ಟಿಪ್ಪಣಿ ಹಾಳೆ ಮಾತ್ರ ಕೊಡಲಿಲ್ಲ. ಈ ಸಲ ಕಲಂ ಬದಲಾಗಿತ್ತು, 8(1)(ಎಫ್). ವಿದೇಶಿ ಸರ್ಕಾರದಿಂದ ಗೌಪ್ಯವಾಗಿ ಬಂದ ಮಾಹಿತಿ ಅನ್ನುವ ಕಾರಣ.

ಈ ಎರಡು ಕಲಮುಗಳ ವ್ಯತ್ಯಾಸ ಇಂಥ ಅರ್ಜಿ ಹಾಕುವವರಿಗೆ ಬಾಯಿಪಾಠ ಇರಬೇಕು. (ಎ) ಅಂದರೆ ಬಹಿರಂಗ ಮಾಡಿದರೆ ವಿದೇಶದ ಜೊತೆಗಿನ ಸಂಬಂಧ, ಭದ್ರತೆ ಇವಕ್ಕೆ ಧಕ್ಕೆ ಆಗುತ್ತದೆ ಅಂತ. ಹಾಗಾದರೆ ಹೇಗೆ ಧಕ್ಕೆ ಆಗುತ್ತದೆ ಅಂತ ಅವರು ಹೇಳಬೇಕು. (ಎಫ್) ಅಂದರೆ ಅವರಿಂದ ಬಂದದ್ದು, ಅದೂ ಗೌಪ್ಯವಾಗಿ ಬಂದದ್ದು. ನಮ್ಮ ಅಧಿಕಾರಿ ನಮ್ಮ ಸಚಿವರಿಗೆ ಬರೆದ ಸಲಹೆ ಯಾವ ವಿದೇಶಿ ಸರ್ಕಾರದಿಂದ ಬಂತು? ಇನ್ನೂ ಒಂದಿದೆ. 20 ವರ್ಷ ದಾಟಿದ ವಿಷಯಕ್ಕೆ ಕಲಂ 8(3)ರ ಪ್ರಕಾರ (ಎಫ್) ನಿಲ್ಲುವುದಿಲ್ಲ, ಆದರೆ (ಎ) ನಿಲ್ಲುತ್ತದೆ. ಹಾಗಾಗಿ ಹಳೆಯ ಕಡತ ಕೇಳಿದಾಗ ಅವರ ಕೈಯಲ್ಲಿ ಉಳಿಯುವುದು ಮುಖ್ಯವಾಗಿ (ಎ).

ಪ್ರಥಮ ಮೇಲ್ಮನವಿ ಅಂದರೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಹೋಗುವುದು, ಅದಕ್ಕೆ 30 ದಿನ ಟೈಮ್ ಇರುತ್ತದೆ. ನಾನು ಒಂದೂವರೆ ಪುಟ ಬರೆದೆ, ಅದಕ್ಕಿಂತ ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ. ತಿರಸ್ಕರಿಸಿದರೆ ಕಾರಣ ಕೊಡಬೇಕು ಅನ್ನುವ ಕಲಂ 7(8) ಹಾಕಿದೆ. ನಿರಾಕರಣೆ ಸರಿ ಅಂತ ಸಾಬೀತು ಮಾಡುವ ಹೊಣೆ ಅವರದ್ದೇ, ನನ್ನದಲ್ಲ, ಅದು 19(5). ಕಲಮಿನ ನಂಬರ್ ಹೇಳಿದರೆ ಸಾಲದು, ಹೇಗೆ ತೊಂದರೆ ಆಗುತ್ತದೆ ಅಂತ ತೋರಿಸಬೇಕು ಅನ್ನುವುದಕ್ಕೆ ದೆಹಲಿ ಹೈಕೋರ್ಟಿನ 2007ರ ಭಗತ್ ಸಿಂಗ್ ತೀರ್ಪು ಹಾಕಿದೆ. (ಆ ಭಗತ್ ಸಿಂಗ್ ಅಲ್ಲ, ಇವರೊಬ್ಬ ಅರ್ಜಿದಾರರು.) ಆ ತೀರ್ಪು ತನಿಖೆಗೆ ಸಂಬಂಧಿಸಿದ ಕಲಮಿನದು, ಆದರೆ ವಾದ ಇಲ್ಲಿಗೂ ಹೊಂದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕಲಂ 10. ಒಂದು ಪುಟದಲ್ಲಿ ಎರಡು ಸಾಲು ಗೌಪ್ಯ ಇದ್ದರೆ ಆ ಎರಡು ಸಾಲು ಮುಚ್ಚಿ ಉಳಿದದ್ದು ಕೊಡಬೇಕು. ಇಡೀ ಕಡತ ಕಟ್ಟಿಡುವ ಹಾಗಿಲ್ಲ.

ವಿಚಾರಣೆಯ ದಿನ ಹಿರಿಯ ಅಧಿಕಾರಿ ಕನ್ನಡಕ ತೆಗೆದು ಕೇಳಿದರು, "ಅಲ್ರೀ, ನಿಮಗ್ಯಾಕೆ ಇದೆಲ್ಲ?" ಕಾರಣ ಹೇಳಬೇಕಾಗಿಲ್ಲ ಅಂತ 6(2)ರಲ್ಲಿ ಇದೆ. ಹಾಗಂತ ಅವರ ಮುಖಕ್ಕೆ ಕಾನೂನು ಓದಿದರೆ ಕೆಲಸ ಕೆಡುತ್ತದೆ. "ನಮ್ಮೂರ ಕೆರೆ ವಿಷಯ ಸರ್, ಗೌಪ್ಯ ಇರೋ ಸಾಲಿಗೆ ಮಸಿ ಬಳಿದು ಕೊಡಿ, ನಂಗೆ ಬೇಜಾರಿಲ್ಲ" ಅಂದೆ. ಅವರು ಕಡತ ತರಿಸಿ ಅಲ್ಲೇ ತಿರುವಿ ಹಾಕಿದರು. ನನ್ನ ಅನುಭವದಲ್ಲಿ ಎಷ್ಟೋ ನಿರಾಕರಣೆಗಳು ಕಡತ ತೆರೆಯದೆ ಬರೆದವು, ಇದೂ ಹಾಗೇ ಇರಬೇಕು. ತೆರೆದು ನೋಡಿದ ಮೇಲೆ ಅವರ ಮುಖದಲ್ಲಿದ್ದ ಬಿಗಿ ಹೋಯಿತು.

ಒಂಬತ್ತು ಪುಟ ಸಿಕ್ಕಿತು. ಪುಟಕ್ಕೆ 2 ರೂಪಾಯಿಯಂತೆ 18 ರೂಪಾಯಿ. ಒಂದು ಪ್ಯಾರಾ ಪೂರ್ತಿ ಕಪ್ಪು. ಉಳಿದದ್ದರಲ್ಲಿ ಆ ಇನ್ನಿಬ್ಬರು ಒಂದು ಕಂಪನಿಯವರು ಅಂತ ಇತ್ತು, ಅವರು ಪ್ರಾಯೋಗಿಕವಾಗಿ ಒಂದು ಕೆರೆಯಲ್ಲಿ ಯಂತ್ರ ಇಡಲು ಕೇಳಿದ್ದರು, ಇಲಾಖೆ "ಟೆಂಡರ್ ಇಲ್ಲದೆ ಸಾಧ್ಯವಿಲ್ಲ" ಅಂತ ಬರೆದಿತ್ತು. ನಿಜ ಹೇಳಬೇಕಂದರೆ ಇಲಾಖೆಗೆ ಮರ್ಯಾದೆ ತರುವ ಸಾಲು ಅದು. ಅದನ್ನೇ ಏಳು ತಿಂಗಳು ಬಚ್ಚಿಟ್ಟರು ನೋಡಿ.

ಹಳೆಯ ಕಾಲದ ಭೇಟಿಗಳನ್ನು ಹುಡುಕುವವರಿಗೆ ದಾರಿ ಬೇರೆ. ಕೇಂದ್ರದ ಶಾಶ್ವತ ದಾಖಲೆಗಳು 25 ವರ್ಷದ ನಂತರ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು ಅನ್ನುತ್ತವೆ ಸಾರ್ವಜನಿಕ ದಾಖಲೆಗಳ 1993ರ ಕಾಯ್ದೆ ಮತ್ತು 1997ರ ನಿಯಮಗಳು. ಅಲ್ಲಿನ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಒಂದು ವಿಚಿತ್ರ ಏನಂದರೆ, ನಮ್ಮವರು ಅಂದು ಏನು ಹೇಳಿದರು ಅನ್ನುವುದು ಕೆಲವೊಮ್ಮೆ ಎದುರಿಗಿದ್ದವರ ಕಡತದಲ್ಲಿ ಬೇಗ ಸಿಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ 1861ರಿಂದ ತನ್ನ ದಾಖಲೆಗಳ ಸಂಪುಟ ತರುತ್ತಿದೆ. 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿನ ಸಂಪುಟ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಇದೆ. ನಮ್ಮ ನಾಯಕರ ಜೊತೆ ಆಡಿದ ಮಾತುಗಳನ್ನು ಅವರ ರಾಯಭಾರಿ ತಂತಿಯಲ್ಲಿ ಹೇಗೆ ಬರೆದು ಕಳಿಸುತ್ತಿದ್ದರು ಅಂತ ಓದಬಹುದು. ಮೇಲಾಗಿ ನಮ್ಮ ಕಾಯ್ದೆಯಲ್ಲಿ ಕೇಳುವ ಹಕ್ಕು ಭಾರತದ ಪ್ರಜೆಗೆ ಮಾತ್ರ, ಅಮೆರಿಕ, ಬ್ರಿಟನ್ನಿನ ಕಾಯ್ದೆಗಳಲ್ಲಿ ಹೊರಗಿನವರೂ ಕೇಳಬಹುದು.

ಆ ಕಪ್ಪು ಪ್ಯಾರಾಕ್ಕೆ ಮಾಹಿತಿ ಆಯೋಗದ ಮುಂದೆ ದ್ವಿತೀಯ ಮೇಲ್ಮನವಿ ಹಾಕಿದ್ದೇನೆ. 90 ದಿನದ ಗಡುವಿನ ಒಳಗೇ ಹಾಕಿದೆ, ವಿಚಾರಣೆಯ ತಾರೀಖು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಸುಮ್ನೆ ಕೂರೋದೇಕೆ ಅಂತ ಆ ಕಾನ್ಸುಲ್ ಜನರಲ್ ದೇಶದ ಸರ್ಕಾರಕ್ಕೂ ಅವರ ಕಾಯ್ದೆಯ ಕೆಳಗೆ ಒಂದು ಅರ್ಜಿ ಕಳಿಸಿದೆ. ಬಿಲ್ಲಿನಿಂದ ಸಿಕ್ಕ ಎರಡು ತಾರೀಖು ಹಾಕಿ, ಆ ದಿನಗಳ ಭೇಟಿಯ ಬಗ್ಗೆ ನಿಮ್ಮವರು ಬರೆದಿಟ್ಟ ಟಿಪ್ಪಣಿ ಕೊಡಿ ಅಂತ. ಈಮೇಲ್ ಸಾಕಾಯಿತು, ನಮ್ಮಲ್ಲಿಯ ಹಾಗೆ ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ಕೇಳಲಿಲ್ಲ.