445.5 ಮೆಗಾಹರ್ಟ್ಸ್‌ನ ಬೆನ್ನು ಹತ್ತಿದ ಕತೆ

ರೇಡಿಯೋ ಗದ್ದಲ ಅಳೆಯುವ ಪರೀಕ್ಷೆಯಲ್ಲಿ ನಮ್ಮ ಲ್ಯಾಪ್‌ಟಾಪ್ ಫೇಲ್ ಆಗಿದ್ದು 6 ಡೆಸಿಬೆಲ್‌ನಿಂದ. ಪರದೆ ಮೇಲಿನ ಗೆರೆ ಹುಲ್ಲಿನ ಹಾಗೆ ತಗ್ಗಾಗಿ ಸಾಗುತ್ತಿತ್ತು. 445.5 ಮೆಗಾಹರ್ಟ್ಸ್ ಬಂದ ತಕ್ಷಣ ತೆಂಗಿನ ಮರದ ಹಾಗೆ ಎದ್ದು ನಿಂತಿತು. ಲ್ಯಾಬ್‌ನವರು ಏನೂ ಹೇಳಲಿಲ್ಲ. ಅವರಿಗೆ ಇದು ದಿನಾ ನೋಡುವ ದೃಶ್ಯ.

ಬೋರ್ಡ್ ವಿನ್ಯಾಸ ನನ್ನ ಕೆಲಸ. ಬೂಟ್ ಆಗಬೇಕು, ಬ್ಯಾಟರಿ ಬಾಳಬೇಕು, ಜಾಸ್ತಿ ಬಿಸಿ ಆಗಬಾರದು. ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಆ ಬೋರ್ಡ್ ಗಾಳಿಗೆ ಏನು ಬಿಡುತ್ತಿದೆ ಅಂತ ಗಂಭೀರವಾಗಿ ಯೋಚಿಸಿದ್ದು ಅವತ್ತೇ ಮೊದಲು. ಲ್ಯಾಪ್‌ಟಾಪ್ ತಿರುವಿ ನೋಡಿದರೆ ಸಣ್ಣ ಅಕ್ಷರದಲ್ಲಿ ಎಫ್‌ಸಿಸಿ, ಅಂದರೆ ಅಮೆರಿಕದ ರೇಡಿಯೋ ನಿಯಂತ್ರಕರ ಹೆಸರಿರುತ್ತದೆ, ಅಲ್ವಾ? ಅಲ್ಲಿ ಹೇಳಿರುವುದು ಅವರ ನಿಯಮಗಳ 15ನೇ ಭಾಗದ ಮಾತು. ಅದರಲ್ಲಿ ಎರಡು ಷರತ್ತುಗಳಿವೆ. ಒಂದು, ಈ ಸಾಧನ ಬೇರೆ ರೇಡಿಯೋಗಳಿಗೆ ತೊಂದರೆ ಕೊಡಬಾರದು. ಎರಡು, ಬೇರೆ ಕಡೆಯಿಂದ ಬರುವ ತೊಂದರೆಯನ್ನು ಸಹಿಸಿಕೊಳ್ಳಬೇಕು. ನೂರಾರು ಸಲ ಕಣ್ಣಿಗೆ ಬಿದ್ದಿದ್ದರೂ ನಾನು ಓದಿರಲಿಲ್ಲ.

ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ. 70ರ ದಶಕದ ಕೊನೆಗೆ ಮನೆಗೆ ಬಂದ ಕಂಪ್ಯೂಟರ್‌ಗಳು ಟಿವಿ ಚಿತ್ರವನ್ನು ಕೆಡಿಸುತ್ತಿದ್ದವು. ಟಿಆರ್‌ಎಸ್-80 ಅನ್ನುವ ಯಂತ್ರದ ಪಕ್ಕ ಎಎಂ ರೇಡಿಯೋ ಇಟ್ಟು, ಅದರ ಗದ್ದಲವನ್ನೇ ಆಟಗಳಿಗೆ ಸದ್ದಾಗಿ ಬಳಸಿಕೊಂಡವರಿದ್ದರು! 1981ರಲ್ಲಿ ಹೊಸ ಮಿತಿಗಳು ಜಾರಿಗೆ ಬಂದಾಗ ಟಿಆರ್‌ಎಸ್-80ರ ಮೊದಲ ಮಾದರಿ ಅವುಗಳಿಗೆ ಒಗ್ಗದೆ ನಿಂತುಹೋಯಿತು.

ಮನೆಯಲ್ಲಿ ಬಳಸುವ ಸಾಧನಗಳಿಗೆ ಕ್ಲಾಸ್ ಬಿ, ಕಚೇರಿ ಕಾರ್ಖಾನೆಗಳಿಗೆ ಮಾತ್ರ ಅಂದರೆ ಕ್ಲಾಸ್ ಎ. ಬಿ ಹೆಚ್ಚು ಬಿಗಿ. ಲ್ಯಾಪ್‌ಟಾಪ್ ಮನೆಗೆ ಹೋಗುವ ವಸ್ತು, ಹಾಗಾಗಿ ಬಿ. ಅದರ ಪ್ರಕಾರ 216ರಿಂದ 960 ಮೆಗಾಹರ್ಟ್ಸ್ ನಡುವೆ 3 ಮೀಟರ್ ದೂರದಲ್ಲಿ ಅಳೆದಾಗ, ಗದ್ದಲ ಮೀಟರಿಗೆ 200 ಮೈಕ್ರೋವೋಲ್ಟ್ ದಾಟಬಾರದು. ಅಂದರೆ ಒಂದು ವೋಲ್ಟನ್ನು 5,000 ಪಾಲು ಮಾಡಿದರೆ ಸಿಗುವ ಒಂದು ಪಾಲು. ಡೆಸಿಬೆಲ್ ಲೆಕ್ಕದಲ್ಲಿ 46. ನಮ್ಮದು 52 ಇತ್ತು. 6 ಡೆಸಿಬೆಲ್ ಕೇಳಲು ಚಿಕ್ಕದು. ಆದರೆ 200 ಇರಬೇಕಾದ ಕಡೆ 400 ಇತ್ತು ಅಂತ ಅರ್ಥ. ಯುರೋಪಿನ ಮಿತಿಗಳು ಸಿಸ್‌ಪ್ರ್ 32 ಅನ್ನುವ ಮಾನದಂಡದಿಂದ ಬಂದಿವೆ. ಅಂಕಿಗಳು ತುಸು ಬೇರೆ, ತಲೆನೋವು ಒಂದೇ.

ಪರೀಕ್ಷೆಯ ಕೋಣೆ ನೋಡಲು ವಿಚಿತ್ರ. ಗೋಡೆ, ಚಾವಣಿ ತುಂಬಾ ಇಂಗಾಲ ತುಂಬಿದ ಫೋಮ್‌ನ ಮೊನೆಗಳು. ನೆಲ ಮಾತ್ರ ಲೋಹ. ಒಳಗೆ ಮಾತಾಡಿದರೆ ದನಿ ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಗುತ್ತದೆ. 80 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡುತ್ತಾರೆ. ಮೇಜು ಸುತ್ತ ತಿರುಗುತ್ತದೆ, ಆಂಟೆನಾ 1ರಿಂದ 4 ಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ಯಾವ ಕೋನದಲ್ಲಿ ಗದ್ದಲ ಅತಿ ಜಾಸ್ತಿಯೋ ಅದೇ ನಿಮ್ಮ ಅಂಕ. ಸರಾಸರಿ, ರಿಯಾಯಿತಿ ಏನೂ ಇಲ್ಲ.

ನಾನು ಬರಿಯ ಲ್ಯಾಪ್‌ಟಾಪ್ ಒಯ್ದಿದ್ದೆ. ಅವರು ನಕ್ಕರು. ಮಾನಿಟರ್, ಹೆಡ್‌ಫೋನ್, ಯುಎಸ್‌ಬಿ ಡಿಸ್ಕ್ ಎಲ್ಲ ಸಿಕ್ಕಿಸಿ, ಪರದೆ ತುಂಬಾ ಇಂಗ್ಲಿಷಿನ ಎಚ್ ಅಕ್ಷರಗಳನ್ನು ಓಡಿಸಬೇಕು ಅಂದರು. ಉದ್ದ ಮಿಕ್ಕ ಕೇಬಲ್ ಅನ್ನು 30ರಿಂದ 40 ಸೆಂಟಿಮೀಟರ್ ಕಟ್ಟಾಗಿ ಮಡಚಬೇಕಂತೆ. ಇಷ್ಟು ವಿವರ ಯಾಕೆ ಅಂತ ಆಗ ಅನಿಸಿತ್ತು. ಎರಡನೇ ದಿನಕ್ಕೆ ಗೊತ್ತಾಯಿತು: ಕೇಬಲ್ಲೇ ಆಂಟೆನಾ. 50 ಮೆಗಾಹರ್ಟ್ಸ್‌ನಲ್ಲಿ ಒಂದು ಮೀಟರ್ ಕೇಬಲ್‌ನ ಹೊರಮೈಯಲ್ಲಿ 5 ಮೈಕ್ರೋಆಂಪ್‌ನಷ್ಟು ಬೇಡದ ಕರೆಂಟ್ ಹರಿದರೆ ಸಾಕು, ಮಿತಿ ಮುಟ್ಟಿಬಿಡುತ್ತದೆ.

ಮೊದಲು ನಾನು ಪ್ರೊಸೆಸರ್ ಮೇಲೆ ಅನುಮಾನಪಟ್ಟೆ. ದೊಡ್ಡವರ ಮೇಲೆ ಅನುಮಾನ ಪಡುವುದು ಸುಲಭ. ಅದರ ಸುತ್ತ ಮುಚ್ಚಳ ಹಾಕಿದೆ, ತಾಮ್ರದ ಟೇಪ್ ಸುತ್ತಿದೆ. ಅರ್ಧ ದಿನ ಹೋಯಿತು. ಶಿಖರ ಒಂದು ಕೂದಲೆಳೆ ಅಲ್ಲಾಡಲಿಲ್ಲ. ಆಮೇಲೆ ಬುದ್ಧಿ ಬಂದು ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತೆ. ಮಾನಿಟರ್‌ಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕಿತ್ತ ಕೂಡಲೇ ಶಿಖರ ಮಾಯ. ಕಾಗದದ ಮೇಲೆ ಲೆಕ್ಕ ಹಾಕಿದೆ. 1080 ಗೆರೆಗಳ ಚಿತ್ರ ಸೆಕೆಂಡಿಗೆ 60 ಸಲ ಹೋಗುವಾಗ ಎಚ್‌ಡಿಎಂಐ ಕ್ಲಾಕ್, ಅಂದರೆ ತಾಳ ಹಾಕುವ ಸಿಗ್ನಲ್, 148.5 ಮೆಗಾಹರ್ಟ್ಸ್. ಕ್ಲಾಕ್‌ನ ಗದ್ದಲ ಅದರ ಎರಡರಷ್ಟು, ಮೂರರಷ್ಟು ಆವರ್ತನಗಳಲ್ಲೂ ಏಳುತ್ತದೆ. ಮೂರರಷ್ಟು ಅಂದರೆ 445.5. ಈ ಲೆಕ್ಕವನ್ನು ಮೊದಲೇ ಹಾಕಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಶಿಖರದ ಅಂಕಿ ಅಂದರೆ ಕಳ್ಳ ಬಿಟ್ಟುಹೋದ ವಿಳಾಸದ ಚೀಟಿ.

ಕೇಬಲ್‌ಗೆ ಬೇಡದ ಕರೆಂಟ್ ತಡೆಯುವ ಫೆರೈಟ್ ಉಂಡೆ ಕಚ್ಚಿಸಿದೆ. 4 ಡೆಸಿಬೆಲ್ ಇಳಿಯಿತು. ಮುಖ ಅರಳಿತು. ಲ್ಯಾಬ್‌ನ ಹುಡುಗ ಮೆಲ್ಲಗೆ ಕೇಳಿದ: 'ಗ್ರಾಹಕರಿಗೂ ಇದೇ ಕೇಬಲ್ ಕೊಡ್ತೀರಾ?' ನಿಯಮದಲ್ಲಿ ಅದೂ ಇದೆ. ಮಿತಿಯೊಳಗೆ ಬರಲು ವಿಶೇಷ ಕೇಬಲ್ ಬೇಕಿದ್ದರೆ ಅದನ್ನು ಸಾಧನದ ಜೊತೆಗೇ ಮಾರಬೇಕು. ನಮ್ಮ ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಕೇಬಲ್ಲೇ ಇರಲಿಲ್ಲ. ಉಂಡೆ ಬಿಚ್ಚಿ ವಾಪಸ್ ಇಟ್ಟೆ.

ಇನ್ನು ಉಳಿದದ್ದು ಸಾಕೆಟ್. ಅದರ ಲೋಹದ ಕವಚ ಲ್ಯಾಪ್‌ಟಾಪ್‌ನ ಅಲ್ಯೂಮಿನಿಯಂ ದೇಹಕ್ಕೆ ತಾಗಲಿ ಅಂತ ಪುಟ್ಟ ಸ್ಪ್ರಿಂಗ್ ಪಟ್ಟಿ ಇಟ್ಟಿದ್ದೆವು. ನೋಡಿದರೆ ಒತ್ತಿಕೊಂಡೇ ಇತ್ತು. ಕರೆಂಟಿಗೆ ದಾರಿ ಇದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಇಟ್ಟೆ. ಬೀಪ್ ಬರಲಿಲ್ಲ. ಅದರ ಮೊನೆಯನ್ನು ಒತ್ತಿ ಸ್ವಲ್ಪ ಕೆರೆದೆ, ಬೀಪ್ ಅಂದಿತು. ಬೇರೆ ಜಾಗದಲ್ಲಿ ಮೆಲ್ಲಗೆ ಇಟ್ಟೆ, ಮತ್ತೆ ಮೌನ. ಆಗ ಹೊಳೆಯಿತು. ಅಲ್ಯೂಮಿನಿಯಂಗೆ ಆ ಚೆಂದದ ಬೂದು ಬಣ್ಣ ಬಂದದ್ದು ಆನೊಡೈಸ್ ಮಾಡಿದ್ದರಿಂದ. ಆ ಪದರ ಅಲ್ಯೂಮಿನಿಯಂ ಆಕ್ಸೈಡ್. ಕೂದಲಿಗಿಂತ ತೆಳ್ಳಗಿದ್ದರೂ ಅದು ಕರೆಂಟ್ ಹರಿಯಲು ಬಿಡುವುದಿಲ್ಲ. ಕಣ್ಣಿಗೆ ಲೋಹ, ಸ್ಪ್ರಿಂಗ್‌ಗೆ ಪಿಂಗಾಣಿ!

ಬ್ಲೇಡ್ ತೆಗೆದುಕೊಂಡು ಸ್ಪ್ರಿಂಗ್ ತಾಗುವ ಕಡೆ ಉಗುರಿನಷ್ಟು ಅಗಲ ಕೆರೆದೆ. ಕೆಳಗೆ ಬೆಳ್ಳಗೆ ಹೊಳೆಯುವ ಲೋಹ ಕಂಡಿತು. ತಿರುಪುಗಳನ್ನು ಹಾಕಿ ಮತ್ತೆ ಮೇಜಿನ ಮೇಲಿಟ್ಟೆ. 43. ಒಂಬತ್ತು ಡೆಸಿಬೆಲ್ ಇಳಿದಿತ್ತು. ಚಿಪ್ ಬದಲಾಯಿಸಲಿಲ್ಲ, ಬೋರ್ಡ್ ಬದಲಾಯಿಸಲಿಲ್ಲ, ಒಂದು ಚುಕ್ಕೆ ಬಣ್ಣ ಕೆರೆದದ್ದು ಅಷ್ಟೇ.

ಮಿತಿಗಿಂತ 3 ಕೆಳಗೆ ಅಂದರೆ ಪಾಸ್. ಆದರೂ ನಾನು ಒಪ್ಪಲಿಲ್ಲ. ಒಂದು ಲ್ಯಾಪ್‌ಟಾಪ್ ಇನ್ನೊಂದರ ಹಾಗಿರುವುದಿಲ್ಲ, ಅಳತೆಯಲ್ಲೂ ಏರುಪೇರು ಇದ್ದದ್ದೇ. ಕಾರ್ಖಾನೆಯಲ್ಲಿ ಆ ಜಾಗಕ್ಕೆ ಆನೊಡೈಸ್ ತಾಗದ ಹಾಗೆ ಮರೆಮಾಡಲು ನಕ್ಷೆ ತಿದ್ದಿಸಿದೆ, ಸ್ಪ್ರಿಂಗ್ ಬದಲು ಕರೆಂಟ್ ಹರಿಯುವ ಫೋಮ್ ಹಾಕಿಸಿದೆ. ಮುಂದಿನ ಮಾದರಿ 40ಕ್ಕೆ ಬಂತು. ಆಮೇಲೆ ನೆಮ್ಮದಿಯಾಗಿ ಸಹಿ ಹಾಕಿದೆ.

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಕ್ಲಾಕ್ ಒಂದೇ ಆವರ್ತನದಲ್ಲಿ ನಿಂತರೆ ಶಿಖರ ಚೂಪಾಗುತ್ತದೆ. ಅದಕ್ಕೇ ಅದನ್ನು 0.5 ಶೇಕಡಾದಷ್ಟು, ಸೆಕೆಂಡಿಗೆ ಸುಮಾರು 30,000 ಸಲ ಅಲ್ಲಾಡಿಸುತ್ತಾರೆ. 800 ಮೆಗಾಹರ್ಟ್ಸ್‌ನಲ್ಲಿ ಇದರಿಂದ ಗದ್ದಲ 4 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತದೆ. ಅಳೆಯುವ ಯಂತ್ರ ಒಂದು ಸಲಕ್ಕೆ ನೋಡುವುದು 120 ಕಿಲೋಹರ್ಟ್ಸ್ ಮಾತ್ರ, ಹಾಗಾಗಿ ಅಂಕ ಇಳಿಯುತ್ತದೆ. ಇದು ಮೋಸ ಅಲ್ವಾ ಅನ್ನುವವರಿದ್ದಾರೆ. ಒಟ್ಟು ಶಕ್ತಿ ಅಷ್ಟೇ ಇರುತ್ತದೆ, ನಿಜ. ಆದರೂ ಒಂದೇ ಚಾನೆಲ್ ಮೇಲೆ ಬೀಳುವ ಪೆಟ್ಟು ಹಗುರವಾಗುತ್ತದೆ, ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಆಗಿದ್ದು ಬೇರೆ ಕಡೆ. ಲ್ಯಾಬ್‌ಗೆ ಒಯ್ದ ಬಯೋಸ್, ಅಂದರೆ ಲ್ಯಾಪ್‌ಟಾಪನ್ನು ಶುರುಮಾಡುವ ತಂತ್ರಾಂಶ, ಪರೀಕ್ಷೆಯ ಆವೃತ್ತಿ. ಅದರಲ್ಲಿ ಈ ಅಲ್ಲಾಡಿಸುವಿಕೆಯನ್ನು ನಾನೇ ಬಂದ್ ಮಾಡಿ ಮರೆತಿದ್ದೆ. 100 ಮೆಗಾಹರ್ಟ್ಸ್‌ಗೊಂದು ಮೊಳೆ ಹೊಡೆದ ಹಾಗೆ ಸಾಲು ಶಿಖರಗಳು ಕಂಡಾಗ ಬೆವರು ಕಿತ್ತುಬಂತು. ಮಾರುವ ಬಯೋಸ್ ಯಾವುದೋ ಅದನ್ನೇ ಹಾಕಿಕೊಂಡು ಹೋಗಿ, ಬೇರೆ ಬೇಡ.

ವೈಫೈ ವಿಷಯ ಸುಲಭ ಅಂದುಕೊಂಡಿದ್ದೆ. ಮೊದಲೇ ಅನುಮತಿ ಇರುವ ಮಾಡ್ಯೂಲ್ ಹಾಕಿದರೆ ಅದರ ಸಂಖ್ಯೆಯನ್ನು ಲೇಬಲ್‌ನಲ್ಲಿ ಬರೆದರೆ ಆಯಿತು. ಆದರೆ ಆ ಅನುಮತಿ ಯಾವ ಬಗೆಯ ಆಂಟೆನಾ, ಎಷ್ಟು ಬಲದ್ದು ಅನ್ನುವುದರ ಜೊತೆ ಕಟ್ಟಿಕೊಂಡಿರುತ್ತದೆ. ಅದೇ ಬಗೆಯದು, ಅಷ್ಟೇ ಬಲ ಅಥವಾ ಕಡಿಮೆ ಇದ್ದರೆ ಸರಿ. ನಮ್ಮ ಮೆಕ್ಯಾನಿಕಲ್ ತಂಡ ಪರದೆಯ ಅಂಚು ಸಣ್ಣಗಾಗಲಿ ಅಂತ ಆಂಟೆನಾವನ್ನು ಅಂಗೈ ಇಡುವ ಜಾಗದ ಕೆಳಗೆ ತರಲು ಹೊರಟಿತ್ತು. ಬಳಸುವವರ ಮೈಯಿಂದ 20 ಸೆಂಟಿಮೀಟರ್ ಒಳಗೆ ಬಂದರೆ ಎಸ್‌ಎಆರ್ ಲೆಕ್ಕ ಶುರುವಾಗುತ್ತದೆ. ದೇಹ ಎಷ್ಟು ರೇಡಿಯೋ ಶಕ್ತಿ ಹೀರುತ್ತದೆ ಅನ್ನುವ ಅಳತೆ ಅದು. ಅಮೆರಿಕದಲ್ಲಿ ಮಿತಿ ಒಂದು ಗ್ರಾಂ ಮೇಲಿನ ಸರಾಸರಿಯಲ್ಲಿ ಕಿಲೋಗೆ 1.6 ವಾಟ್. ಅಂಚು ದಪ್ಪಗೇ ಇರಲಿ ಅಂತ ಎಲ್ಲರೂ ಒಪ್ಪಿದರು. ಆಂಟೆನಾ ಮೇಲೇ ಉಳಿಯಿತು.

ಎಲ್ಲ ಪಾಸಾಗಿ ಮೊದಲ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂತು. ಯುಎಸ್‌ಬಿ 3 ಡಿಸ್ಕ್ ಸಿಕ್ಕಿಸಿ ಕಡತ ನಕಲು ಮಾಡಲು ಬಿಟ್ಟೆ. ನನ್ನ ವೈರ್‌ಲೆಸ್ ಮೌಸ್ ತಡವರಿಸತೊಡಗಿತು. ಸೆಕೆಂಡಿಗೆ 5 ಗಿಗಾಬಿಟ್ ಓಡುವ ಸಿಗ್ನಲ್‌ನ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಮೇಲೂ ಬೀಳುತ್ತದೆ, ಮೌಸ್‌ನ ರಿಸೀವರ್ ಇದ್ದದ್ದು ಪಕ್ಕದ ಕಿಂಡಿಯಲ್ಲೇ. 3 ಮೀಟರ್ ಆಚೆ ಅಳೆದರೆ ನಮ್ಮದು ಮಿತಿಯ ಒಳಗೇ ಇತ್ತು. ನಿಯಮ ಕಾಯುವುದು ನೆರೆಯವರನ್ನು, ಎರಡು ಸೆಂಟಿಮೀಟರ್ ದೂರದಲ್ಲಿರುವ ನಮ್ಮದೇ ಮೌಸನ್ನಲ್ಲ. ಲೇಬಲ್‌ನ ಎರಡನೇ ಷರತ್ತು ನೆನಪಾಯಿತು. ರಿಸೀವರ್ ಕಿತ್ತು ಎಡಗಡೆಯ ಕಿಂಡಿಗೆ ಹಾಕಿದೆ.