ತಾಳ ಕೂಡಿದರೆ ಸಾಲದು, ಶ್ರುತಿಯೂ ಕೂಡಬೇಕು: ಡ್ಯಾನ್ಸ್ ಮಿಕ್ಸ್ ಮಾಡುವುದು ಹೀಗೆ

ಒಂದು ಮದುವೆ ರಿಸೆಪ್ಷನ್‌ನಲ್ಲಿ ನಾನು ಮೊದಲ ಸಲ ಎರಡು ಹಾಡು ಮಿಕ್ಸ್ ಮಾಡಿದೆ. ಬೀಟ್ ಕರಾರುವಾಕ್ಕಾಗಿ ಕೂಡಿತ್ತು. ಆದರೆ ಎರಡನೇ ಹಾಡಿನ ಗಾಯಕಿ ದನಿ ತೆಗೆದದ್ದೇ ತಡ, ಕುಣಿಯುತ್ತಿದ್ದವರ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. ತಾಳ ಇತ್ತು, ಶ್ರುತಿ ಇರಲಿಲ್ಲ.

ಸಾಮಾನು ಜಾಸ್ತಿ ಏನೂ ಬೇಡ. ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್, ಒಂದು ಡಿಜೆ ಸಾಫ್ಟ್‌ವೇರ್. ಉಚಿತವಾಗಿ ಸಿಗುವ ‘ಮಿಕ್ಸ್’ (ಹೆಸರಿನ ಕೊನೆಗೆ ಮೂರು ಎಕ್ಸ್ ಇರುವುದು) ಕಲಿಯುವವರಿಗೆ ಧಾರಾಳ ಸಾಕು.

ಮೊದಲು ವೇಗ ನೋಡಿ. ನಿಮಿಷಕ್ಕೆ ಎಷ್ಟು ಬೀಟ್ ಅನ್ನುವುದೇ ಬಿಪಿಎಂ. ಡ್ಯಾನ್ಸ್ ಸಂಗೀತದಲ್ಲಿ ಹೌಸ್ ಅನ್ನುವ ಬಗೆ ಸಾಮಾನ್ಯವಾಗಿ 120ರಿಂದ 128ರ ಆಸುಪಾಸು, ಡ್ರಮ್ ಅಂಡ್ ಬೇಸ್ ಅನ್ನುವ ಬಗೆ 170ರ ಮೇಲೆ. ಸಾಫ್ಟ್‌ವೇರ್ ತಾನೇ ಎಣಿಸುತ್ತದೆ, ಆದರೆ ಕೆಲವೊಮ್ಮೆ 174 ಇರುವುದನ್ನು 87 ಅಂದುಬಿಡುತ್ತದೆ. 15 ಸೆಕೆಂಡು ಕಾಲು ತಟ್ಟಿ ಎಣಿಸಿ, ನಾಲ್ಕರಿಂದ ಗುಣಿಸಿ. ಅನುಮಾನ ಮುಗಿಯಿತು.

ಆಮೇಲೆ ಕೀ, ಅಂದರೆ ಶ್ರುತಿ. ಹಾರ್ಮೋನಿಯಂನವರು ಕಪ್ಪು ಎರಡು, ಬಿಳಿ ನಾಲ್ಕು ಅಂತ ಹೇಳುತ್ತಾರಲ್ವಾ, ಡಿಜೆಗಳು ಗಡಿಯಾರದ ಮುಖದಂಥ ಒಂದು ಚಕ್ರ ಇಟ್ಟುಕೊಂಡಿದ್ದಾರೆ. ಅದರ ಹೆಸರು ಕ್ಯಾಮೆಲಾಟ್ ಚಕ್ರ. 1ರಿಂದ 12ರವರೆಗೆ ಅಂಕೆ, ಮೈನರ್‌ಗೆ ‘ಎ’, ಮೇಜರ್‌ಗೆ ‘ಬಿ’ (ಮೈನರ್, ಮೇಜರ್ ಅಂದರೆ ಪಾಶ್ಚಾತ್ಯ ಸಂಗೀತದ ಎರಡು ಬಗೆಯ ಸ್ವರಸಾಲು). ನಿಮ್ಮ ಹಾಡು 8ಎ ಆದರೆ 7ಎ, 9ಎ, 8ಬಿ ಮೂರೂ ಹೊಂದುತ್ತವೆ. ಕಾರಣ ಸರಳ. 8ಎ ಅಂದರೆ ಎ ಮೈನರ್, 9ಎ ಅಂದರೆ ಇ ಮೈನರ್ (ಇಲ್ಲಿ ಮೈನರ್‌ನ ಮುಂದಿರುವ ಎ, ಇ ಚಕ್ರದ ಗುರುತಲ್ಲ, ಸ್ವರದ ಹೆಸರು). ಎರಡರ ಏಳು ಸ್ವರಗಳಲ್ಲಿ ಆರು ಒಂದೇ. 8ಬಿ, ಅಂದರೆ ಸಿ ಮೇಜರ್‌ನಲ್ಲಿ ಏಳಕ್ಕೆ ಏಳೂ ಅವೇ ಸ್ವರಗಳು.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮೊದಲ ಹಾಡು 124 ಬಿಪಿಎಂ, 8ಎ. ಎರಡನೆಯದು 128, 9ಎ. ಚಕ್ರದ ಪ್ರಕಾರ ಒಳ್ಳೆಯ ಜೋಡಿ. ಎರಡನೆಯದನ್ನು 124ಕ್ಕೆ ಇಳಿಸಿದಿರಿ, ಅಂದರೆ ಸುಮಾರು 3.1 ಪರ್ಸೆಂಟ್ ನಿಧಾನ. ವೇಗ ಇಳಿದರೆ ಸ್ವರವೂ ಇಳಿಯುತ್ತದೆ. 6 ಪರ್ಸೆಂಟಿಗೆ ಹೆಚ್ಚುಕಡಿಮೆ ಒಂದು ಸೆಮಿಟೋನ್, ಹಾರ್ಮೋನಿಯಂನ ಪಕ್ಕದ ಮನೆ. ಈಗ ನೀವು ಇಳಿದದ್ದು ಅರ್ಧ ಮನೆ. ಆ ಹಾಡು ಇತ್ತ ಇ ಮೈನರೂ ಅಲ್ಲ, ಅತ್ತ ಅದರ ಕೆಳಗಿನದೂ ಅಲ್ಲ. ನನ್ನ ರಿಸೆಪ್ಷನ್ ಕಥೆ ಇದೇ. ಎರಡನ್ನೂ 126ಕ್ಕೆ ತಂದು ರಾಜಿ ಮಾಡಿಸಿದರೂ ಪ್ರಯೋಜನವಿಲ್ಲ, ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ, ನಡುವಿನ ಅಂತರ ಅಷ್ಟೇ ಉಳಿಯುತ್ತದೆ.

ಅದಕ್ಕೇ ಎರಡೂ ಡೆಕ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಒಂದೊಂದು ಹಾಡು ನುಡಿಸುವ ಜಾಗ) ‘ಕೀ ಲಾಕ್’ ಒತ್ತಿ, ಆಮೇಲೆ ವೇಗ ಮುಟ್ಟಿ. ಆಗ ವೇಗ ಬದಲಾದರೂ ಸ್ವರ ಜಾಗ ಬಿಡುವುದಿಲ್ಲ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು 8 ಪರ್ಸೆಂಟ್ ಏರಿಸಬಹುದಿತ್ತು, ಇಳಿಸಬಹುದಿತ್ತು. ಕೀ ಲಾಕ್ ಇರಲಿಲ್ಲ. ಪಾಪ, ಅದರ ಮೇಲೆ ರೆಕಾರ್ಡ್ ಹಾಕುತ್ತಿದ್ದವರಿಗೆ ಕಿವಿಯೇ ಗತಿ. ಕೀ ಲಾಕ್ ಇದೆ ಅಂತ ತೀರಾ ಎಳೆದಾಡಬೇಡಿ, ಗಾಯಕರ ದನಿ ನಡುಗಿದ ಹಾಗೆ ಕೇಳಿಸುತ್ತದೆ. ನಾನು 5 ಪರ್ಸೆಂಟ್ ದಾಟುವುದಿಲ್ಲ.

ಇನ್ನು ಎಲ್ಲಿ ಕೂಡಿಸಬೇಕು? ನನ್ನ ಪ್ರಕಾರ ಇದು ಕೀಗಿಂತಲೂ ಮುಖ್ಯ. ನಾಲ್ಕು ಬೀಟಿಗೆ ಒಂದು ಬಾರ್. ಡ್ಯಾನ್ಸ್ ಹಾಡುಗಳು ಸಾಧಾರಣವಾಗಿ 8 ಅಥವಾ 16 ಬಾರ್‌ಗೊಮ್ಮೆ ಮಗ್ಗುಲು ಬದಲಿಸುತ್ತವೆ, ಹೊಸ ತಾಳವಾದ್ಯವೋ ಬೇಸೋ ಸೇರುತ್ತದೆ. 128ರ ವೇಗದಲ್ಲಿ 16 ಬಾರ್ ಅಂದರೆ ಸರಿಯಾಗಿ 30 ಸೆಕೆಂಡು. ಮೊದಲ ಹಾಡು ಹೀಗೆ ಮಗ್ಗುಲು ಬದಲಿಸುವ ಬೀಟಿನ ಮೇಲೇ ಎರಡನೆಯದರ ಮೊದಲ ಬೀಟ್ ಬಿಡಿ. ಅರ್ಧ ಬಾರ್ ಆಚೀಚೆ ಆದರೂ ಕುಣಿಯುವವರ ಕಾಲಿಗೆ ಗೊತ್ತಾಗುತ್ತದೆ.

ಬಿಡುವಾಗ ಹೊಸ ಹಾಡಿನ ಬೇಸ್ ನಾಬ್ ಪೂರ್ತಿ ಕೆಳಗಿರಲಿ. ಎರಡು ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಏಟು, ಒಟ್ಟಿಗೆ ಬಿದ್ದರೆ ಸ್ಪೀಕರ್ ಬರೀ ಗುಂಯ್ ಅನ್ನುತ್ತದೆ. 16 ಬಾರ್ ಆದ ಮೇಲೆ, ಒಂದೇ ಬೀಟಿನಲ್ಲಿ, ಹಳೆಯದರ ಬೇಸ್ ಇಳಿಸಿ ಹೊಸದರ ಬೇಸ್ ಏರಿಸಿ. ನಂತರ ಹಳೆಯದರ ಫೇಡರನ್ನು, ಅಂದರೆ ದನಿ ಏರಿಸಿ ಇಳಿಸುವ ಜಾರುಗುಂಡಿಯನ್ನು, ನಿಧಾನಕ್ಕೆ ಪೂರ್ತಿ ಇಳಿಸಿ. ಇಬ್ಬರು ಗಾಯಕರು ಒಟ್ಟಿಗೆ ಹಾಡುವ ಹಾಗೆ ಮಾತ್ರ ಮಾಡಬೇಡಿ.

ಸಾಫ್ಟ್‌ವೇರ್ ಕೀ ಹೇಳುವಾಗಲೂ ತಪ್ಪುತ್ತದೆ, 8ಎ ಇರುವುದನ್ನು 8ಬಿ ಅನ್ನುವುದು ಮಾಮೂಲು. ಹೆಡ್‌ಫೋನ್‌ನಲ್ಲಿ ಎರಡನ್ನೂ ಒಮ್ಮೆ ಕೂಡಿಸಿ ಕೇಳಿಯೇ ಹೊರಗೆ ಬಿಡಿ. ಕೀ ಹೊಂದಲೇ ಇಲ್ಲವೇ? ಬರೀ ಡ್ರಮ್ ಇರುವ ಜಾಗ ಹುಡುಕಿ, ಅಲ್ಲಿ ಶ್ರುತಿಯ ಜಗಳ ಅಷ್ಟಾಗಿ ಏಳುವುದಿಲ್ಲ. ಆವತ್ತು ರಿಸೆಪ್ಷನ್‌ನಲ್ಲೂ ಗಾಯಕಿ ಬರುವ ಮೊದಲು 32 ಬೀಟ್ ಬರೀ ಡ್ರಮ್ ಇತ್ತು. ಅಷ್ಟರೊಳಗೆ ಮೊದಲ ಹಾಡನ್ನು ಇಳಿಸಿಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.