ಕ್ಯಾಲ್‌ಟ್ರೇನ್ ಮಂಡಳಿಯ ಸಭೆಯಲ್ಲಿ ಮಾತನಾಡುವುದು ಹೇಗೆ: ಬ್ರೌನ್ ಕಾಯ್ದೆಯ ಬಳಕೆ

ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ, ಕೆಲವು ಗಾಡಿಗಳು ಅಲ್ಲಿಂದಾಚೆ ಗಿಲ್ರಾಯ್‌ವರೆಗೂ ಓಡುವ ಕ್ಯಾಲ್‌ಟ್ರೇನ್‌ನಲ್ಲಿ ಕಚೇರಿಗೆ ಹೋಗಿಬರುವ ಕನ್ನಡಿಗರು ಸನ್ನಿವೇಲ್, ಮೌಂಟನ್ ವ್ಯೂ, ಸಾಂಟಾ ಕ್ಲಾರಾ ಊರುಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಟಿಕೆಟ್ ದರ ಏರಿದಾಗ ‘ಇದನ್ನು ಯಾರು, ಯಾವಾಗ ತೀರ್ಮಾನಿಸಿದರು?’ ಎಂಬ ಮಾತು ಪ್ಲಾಟ್‌ಫಾರಂನಲ್ಲಿ ಕೇಳಿಬರುತ್ತದೆ. ಯಾರು ಬೇಕಾದರೂ ಬಂದು ಕೂರಬಹುದಾಗಿದ್ದ ಸಭೆಯೊಂದರಲ್ಲಿ, ಮೂರು ದಿನ ಮೊದಲೇ ಪ್ರಕಟವಾದ ಕಾರ್ಯಸೂಚಿಯ ಪ್ರಕಾರ ತೀರ್ಮಾನವಾಯಿತು ಎಂಬುದೇ ಸಾಮಾನ್ಯವಾಗಿ ಅದಕ್ಕೆ ಉತ್ತರ. ಆ ಸಭೆಯನ್ನು ಹುಡುಕಿ, ಹೋಗಿ, ಉಪಯೋಗವಾಗುವಂತೆ ಮಾತನಾಡುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಈ ರೈಲಿನ ಒಡೆತನವಿರುವುದು ಪೆನಿನ್ಸುಲಾ ಕಾರಿಡಾರ್ ಜಾಯಿಂಟ್ ಪವರ್ಸ್ ಬೋರ್ಡ್ ಎಂಬ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಮಟೇಯೊ, ಸಾಂಟಾ ಕ್ಲಾರಾ ಎಂಬ ಮೂರು ಕೌಂಟಿಗಳಿಂದ ತಲಾ ಮೂವರಂತೆ ಒಂಬತ್ತು ಸದಸ್ಯರು ಅದರ ಮಂಡಳಿಯಲ್ಲಿದ್ದಾರೆ. ಸದರ್ನ್ ಪೆಸಿಫಿಕ್ ಕಂಪನಿಯಿಂದ 1991ರಲ್ಲಿ ಹಳಿಯ ಜಾಗವನ್ನು ಕೊಂಡದ್ದು ಈ ಸಂಸ್ಥೆಯೇ. 2020ರ ನವೆಂಬರ್‌ನಲ್ಲಿ ಮೂರೂ ಕೌಂಟಿಗಳ ಮತದಾರರು ಕ್ಯಾಲ್‌ಟ್ರೇನಿಗೆಂದೇ ಶೇಕಡಾ ಎಂಟನೇ ಒಂದರಷ್ಟು ಮಾರಾಟ ತೆರಿಗೆಯನ್ನು 30 ವರ್ಷಗಳ ಅವಧಿಗೆ ಒಪ್ಪಿಕೊಂಡರು. ಹಾಗಾಗಿ ರೈಲನ್ನೇ ಹತ್ತದವರೂ ಈ ಕೌಂಟಿಗಳಲ್ಲಿ ಬಟ್ಟೆಯನ್ನೋ ಪಾತ್ರೆಯನ್ನೋ ಕೊಂಡಾಗಲೆಲ್ಲ ಅದರ ಖರ್ಚಿಗೆ ಕೈಜೋಡಿಸುತ್ತಿದ್ದಾರೆ. ವೀಸಾದ ಮೇಲೆ ಇರುವವರು, ‘ನಮಗೆ ಮತವಿಲ್ಲ, ಅಲ್ಲಿ ನಮ್ಮ ಮಾತಿಗೇನು ಹಕ್ಕು’ ಎಂದು ಹಿಂಜರಿಯುವುದನ್ನು ನೋಡಿದ್ದೇನೆ. ಈ ಹಿಂಜರಿಕೆಗೆ ಕಾರಣವಿಲ್ಲ. ಸಭೆಗೆ ಬರುವ ಹಕ್ಕನ್ನು ಕಾಯ್ದೆಯು ಪ್ರಜೆಗಳಿಗೆ ಅಥವಾ ಮತದಾರರಿಗೆ ಮಾತ್ರ ಕೊಟ್ಟಿಲ್ಲ. ಎಲ್ಲ ವ್ಯಕ್ತಿಗಳಿಗೂ ಕೊಟ್ಟಿದೆ.

ಆ ಕಾಯ್ದೆಯ ಹೆಸರು ರಾಲ್ಫ್ ಎಂ. ಬ್ರೌನ್ ಕಾಯ್ದೆ. ಕ್ಯಾಲಿಫೋರ್ನಿಯಾದ ಶಾಸನಸಭೆ ಅದನ್ನು 1953ರಲ್ಲಿ ಅಂಗೀಕರಿಸಿತು. ರಾಜ್ಯದ ಸರ್ಕಾರಿ ಸಂಹಿತೆಯಲ್ಲಿ 54950ನೇ ಕಲಮಿನಿಂದ ಅದು ಆರಂಭವಾಗುತ್ತದೆ. ನಗರಸಭೆ, ಶಾಲಾ ಮಂಡಳಿ, ಕೌಂಟಿಗಳು ಸೇರಿ ಕಟ್ಟಿಕೊಂಡ ಜಂಟಿ ಸಂಸ್ಥೆ ಹೀಗೆ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ. ಆದರೆ ರೈಲು ಎಂದಾಕ್ಷಣ ಇದೇ ಕಾಯ್ದೆ ಎಂದುಕೊಳ್ಳಬಾರದು. ಹೈ ಸ್ಪೀಡ್ ರೈಲ್ ಅಥಾರಿಟಿ ರಾಜ್ಯಮಟ್ಟದ ಸಂಸ್ಥೆಯಾದ್ದರಿಂದ ಅದು ಬ್ಯಾಗ್ಲಿ-ಕೀನ್ ಎಂಬ ಬೇರೆ ಕಾಯ್ದೆಗೆ ಒಳಪಟ್ಟಿದೆ. ಅಲ್ಲಿ ಸಭೆಯ ಸೂಚನೆಯನ್ನು ಹತ್ತು ದಿನ ಮೊದಲು ಕೊಡಬೇಕು. ಸ್ಯಾನ್ ಹೋಸೆಯಿಂದ ಓಕ್‌ಲ್ಯಾಂಡ್ ಹಾದು ಸ್ಯಾಕ್ರಮೆಂಟೋ ಕಡೆಗೆ ಹೋಗುವ ಕ್ಯಾಪಿಟಲ್ ಕಾರಿಡಾರ್ ಗಾಡಿಗಳದು ಇನ್ನೂ ವಿಚಿತ್ರ. ಗಾಡಿ ಓಡಿಸುವುದು ದೇಶಮಟ್ಟದ ರೈಲು ಸಂಸ್ಥೆಯಾದ ಆಮ್‌ಟ್ರಾಕ್, ಸೇವೆಯನ್ನು ನಿರ್ವಹಿಸುವುದು ಸ್ಥಳೀಯ ಸಾರಿಗೆ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಜಂಟಿ ಸಂಸ್ಥೆ. ಜಂಟಿ ಸಂಸ್ಥೆಯ ಸಭೆಗೆ ಬ್ರೌನ್ ಕಾಯ್ದೆಯ ಬಲದಿಂದ ಹೋಗಬಹುದು. ಆಮ್‌ಟ್ರಾಕ್‌ನ ಸ್ವಂತ ಮಂಡಳಿಯ ಸಭೆಯನ್ನು ಆ ಕಾಯ್ದೆ ಮುಟ್ಟುವುದಿಲ್ಲ. ಆದ್ದರಿಂದ ಮೊದಲು ತಿಳಿದುಕೊಳ್ಳಬೇಕಾದುದು, ನಿಮ್ಮನ್ನು ಬಾಧಿಸುತ್ತಿರುವ ತೀರ್ಮಾನ ಯಾರದು ಎಂಬುದನ್ನು.

ಎರಡನೆಯ ಕೆಲಸ ಕಾರ್ಯಸೂಚಿಯನ್ನು ಓದುವುದು. ಇಡೀ ಕಾಯ್ದೆಯ ಕೀಲಿ ಇರುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕ್ಯಾಲ್‌ಟ್ರೇನ್ ಮಂಡಳಿ ಸಾಮಾನ್ಯವಾಗಿ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಸೇರುತ್ತದೆ. ಇಂಥ ನಿಯತ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮೊದಲು, ವಿಶೇಷ ಸಭೆಯದಾದರೆ 24 ಗಂಟೆ ಮೊದಲು, ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿಯೂ ಸಂಸ್ಥೆಯ ಜಾಲತಾಣದಲ್ಲಿಯೂ ಪ್ರಕಟಿಸಬೇಕು. ಸಭೆ ಎಲ್ಲಿ, ಎಷ್ಟು ಗಂಟೆಗೆ, ಆನ್‌ಲೈನ್‌ನಲ್ಲಿ ಸೇರುವ ದಾರಿ ಇದೆಯೇ ಎಂಬುದನ್ನು ಹಳೆಯ ನೆನಪಿನಿಂದಲ್ಲದೆ ಆ ತಿಂಗಳ ಕಾರ್ಯಸೂಚಿಯಿಂದಲೇ ಖಚಿತಪಡಿಸಿಕೊಳ್ಳಿ. ಕಾರ್ಯಸೂಚಿಯನ್ನು ನೇರವಾಗಿ ನಿಮಗೇ ಕಳುಹಿಸಬೇಕೆಂದು ಲಿಖಿತವಾಗಿ ಕೇಳುವ ಹಕ್ಕೂ ಇದೆ. ಆ ಕೋರಿಕೆ ಆಯಾ ವರ್ಷಕ್ಕೆ ಮಾತ್ರ ಊರ್ಜಿತವಾದ್ದರಿಂದ ಜನವರಿ ಬಂದಾಗ ಮತ್ತೆ ಬರೆಯಬೇಕು.

ಪ್ರತಿ ವಿಷಯದ ವಿವರಣೆಯೂ ಇಪ್ಪತ್ತು ಪದಗಳನ್ನು ಮೀರಬೇಕಿಲ್ಲ ಎಂದು ಕಾಯ್ದೆಯೇ ಹೇಳುವುದರಿಂದ, ಕಾರ್ಯಸೂಚಿಯ ಭಾಷೆ ಒಣಗಿದಂತಿರುತ್ತದೆ. ‘ಟಿಕೆಟ್ ದರ ಏರಿಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರಲಾರರು. ‘ಕೋಡಿಫೈಡ್ ಟ್ಯಾರಿಫ್ ತಿದ್ದುಪಡಿ’ ಎಂದಿದ್ದರೆ ದರದ ವಿಷಯ ಬಂದಿದೆ ಎಂದು ತಿಳಿಯಬೇಕು, ಏಕೆಂದರೆ ದರಗಳೆಲ್ಲ ದಾಖಲಾಗಿರುವುದು ಆ ಟ್ಯಾರಿಫಿನಲ್ಲಿ. ವಿಷಯದ ಕೆಳಗೆ ಸಿಬ್ಬಂದಿಯ ವರದಿ ಲಗತ್ತಿಸಿರುತ್ತದೆ. ತೀರ್ಮಾನದ ಹಿಂದಿನ ಲೆಕ್ಕ, ಬದಲಿ ಮಾರ್ಗಗಳು, ಹಣಕಾಸಿನ ಪರಿಣಾಮ ಸಿಗುವುದು ಅದರಲ್ಲಿ. ಸಭೆಗೆ 72 ಗಂಟೆಗಳಿಗಿಂತ ಕಡಿಮೆ ಇರುವಾಗ ಬಹುಪಾಲು ಸದಸ್ಯರಿಗೆ ಯಾವುದಾದರೂ ಕಾಗದವನ್ನು ಹಂಚಿದರೆ, ಅದೇ ಕಾಗದವನ್ನು ಸಾರ್ವಜನಿಕರಿಗೂ ನೋಡಲು ದೊರಕಿಸಬೇಕು. ಮಂಡಳಿಗೆ ಸಿಕ್ಕಿದ ಮಾಹಿತಿ ತನಗೆ ಸಿಗಲಿಲ್ಲ ಎಂದು ಯಾರೂ ಕೈಚೆಲ್ಲಬೇಕಿಲ್ಲ. ಕೇಳಬೇಕು, ಅಷ್ಟೆ.

ಕಾರ್ಯಸೂಚಿಯಲ್ಲಿ ‘ಕನ್ಸೆಂಟ್ ಕ್ಯಾಲೆಂಡರ್’ ಎಂಬ ಭಾಗವನ್ನು ವಿಶೇಷವಾಗಿ ಗಮನಿಸಿ. ವಿವಾದವಿಲ್ಲವೆಂದು ಭಾವಿಸಿದ ಹತ್ತಾರು ವಿಷಯಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿ, ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಅಂಗೀಕರಿಸುವ ಜಾಗ ಅದು. ದೊಡ್ಡ ಗುತ್ತಿಗೆಗಳೂ ಕೆಲವೊಮ್ಮೆ ಅಲ್ಲಿರುತ್ತವೆ. ನಿಮಗೆ ಸಂಬಂಧಿಸಿದ ವಿಷಯ ಅಲ್ಲಿದ್ದರೆ ಸಭೆ ಆರಂಭವಾದ ಹತ್ತೇ ನಿಮಿಷಗಳಲ್ಲಿ ಅದು ಮುಗಿದುಹೋಗಬಹುದು. ತಡವಾಗಿ ಹೋದವರಿಗೆ ಗೋಡೆ ನೋಡುವ ಕೆಲಸ ಮಾತ್ರ ಉಳಿಯುತ್ತದೆ. ಆ ಒಂದು ವಿಷಯವನ್ನು ಕಟ್ಟಿನಿಂದ ಹೊರತೆಗೆದು ಪ್ರತ್ಯೇಕವಾಗಿ ಚರ್ಚಿಸಬೇಕೆಂದು ಒಂದೆರಡು ದಿನ ಮೊದಲೇ ನಿಮ್ಮ ಕೌಂಟಿಯ ಸದಸ್ಯರೊಬ್ಬರಿಗೆ ಇಮೇಲ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮ ಹಲವರಿಗೆ ತಿಳಿದಿರುವುದಿಲ್ಲ. ಮಂಡಳಿಯ ಸದಸ್ಯರು ಮಾತ್ರ ಇರುವ ಸಮಿತಿಯೊಂದು ತೆರೆದ ಸಭೆಯಲ್ಲಿ ಒಂದು ವಿಷಯವನ್ನು ಪರಿಶೀಲಿಸಿ, ಅಲ್ಲಿ ಜನರಿಗೆ ಮಾತನಾಡಲು ಅವಕಾಶ ಕೊಟ್ಟಿದ್ದು, ಆಮೇಲೆ ವಿಷಯದಲ್ಲಿ ಗಣನೀಯ ಬದಲಾವಣೆ ಆಗಿರದಿದ್ದರೆ, ಪೂರ್ಣ ಮಂಡಳಿಯ ನಿಯತ ಸಭೆಯಲ್ಲಿ ಅದೇ ವಿಷಯಕ್ಕೆ ಮತ್ತೆ ಅವಕಾಶ ಕೊಡಬೇಕೆಂಬ ಕಡ್ಡಾಯವಿಲ್ಲ. ಆದ್ದರಿಂದ ಸಮಿತಿಯ ಸಭೆಗಳನ್ನು ಕಡೆಗಣಿಸಬೇಡಿ. ಪ್ರಯಾಣಿಕರ ಕಡೆಯಿಂದ ನೇಮಕವಾದ ನಾಗರಿಕ ಸಲಹಾ ಸಮಿತಿಯೂ ಇದೇ ಕಾಯ್ದೆಗೆ ಒಳಪಟ್ಟಿದೆ. ಅದು ಸಂಜೆ ಸೇರುವುದರಿಂದ ಕೆಲಸಕ್ಕೆ ಹೋಗುವವರಿಗೆ ಅನುಕೂಲ, ಮೇಲಾಗಿ ವಿಷಯ ಇನ್ನೂ ಹಸಿಯಾಗಿರುವಾಗಲೇ ಅಲ್ಲಿಗೆ ಬರುತ್ತದೆ.

ಸಭೆಗೆ ಹೋದಾಗ ಬಾಗಿಲಲ್ಲಿ ಹೆಸರು ಬರೆಯುವ ಹಾಳೆ ಇದ್ದರೆ ಬರೆಯಬಹುದು, ಬಿಡಬಹುದು. ಹಾಜರಾಗುವುದಕ್ಕೆ ಹೆಸರು, ವಿಳಾಸ ಕೊಡಲೇಬೇಕೆಂಬ ಷರತ್ತು ಹಾಕುವಂತಿಲ್ಲ. ಕಲಾಪಕ್ಕೆ ಅಡ್ಡಿಯಾಗದಂತೆ ಧ್ವನಿ, ದೃಶ್ಯಗಳನ್ನು ಮುದ್ರಿಸಿಕೊಳ್ಳುವುದಕ್ಕೂ ಹಕ್ಕಿದೆ. ಒಬ್ಬೊಬ್ಬರಿಗೆ ಇಷ್ಟು ನಿಮಿಷ ಎಂದು ಮಿತಿ ಹಾಕುವ ಅಧಿಕಾರ ಮಂಡಳಿಗಿದೆ. ಎರಡು ಅಥವಾ ಮೂರು ನಿಮಿಷ ಸಾಮಾನ್ಯ. ಇಲ್ಲಿ ನಮ್ಮವರಿಗೆ ಉಪಯುಕ್ತವಾದ ನಿಯಮವೊಂದಿದೆ: ಅನುವಾದಕರ ಮೂಲಕ ಮಾತನಾಡುವವರಿಗೆ ಕನಿಷ್ಠ ಇಮ್ಮಡಿ ಸಮಯ ಕೊಡಬೇಕು, ಏಕಕಾಲದಲ್ಲಿ ಅನುವಾದವಾಗುವ ಸಲಕರಣೆ ಇದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಮಕ್ಕಳ ಮನೆಗೆ ಬಂದು ನೆಲೆಸಿದ, ಇಂಗ್ಲಿಷಿನಲ್ಲಿ ಮಾತನಾಡಲು ಸಂಕೋಚಪಡುವ ತಂದೆತಾಯಿಯರು ಲಿಫ್ಟ್ ಕೆಟ್ಟುನಿಂತ ನಿಲ್ದಾಣದ ಪಾಡನ್ನು ಕನ್ನಡದಲ್ಲಿಯೇ ಹೇಳಬಹುದು, ಪಕ್ಕದಲ್ಲಿ ಮಗಳು ನಿಂತು ಇಂಗ್ಲಿಷಿಗೆ ತಿರುಗಿಸಬಹುದು.

ಸಂಸ್ಥೆಯ ನೀತಿಯನ್ನು, ಕೆಲಸವನ್ನು ಟೀಕಿಸಿದರೆಂಬ ಕಾರಣಕ್ಕೆ ಮಾತು ನಿಲ್ಲಿಸುವಂತಿಲ್ಲ. ಸಭೆಯೇ ನಡೆಯದಂತೆ ಗದ್ದಲ ಮಾಡಿದರೆ ಅಧ್ಯಕ್ಷರು ಎಚ್ಚರಿಸಿ ಹೊರಗೆ ಕಳುಹಿಸಬಹುದು.

ಮೊದಲ ಬಾರಿ ಮಾತನಾಡಿದವರಿಗೆಲ್ಲ ಒಂದು ಬೇಸರ ಆಗುತ್ತದೆ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯಗಳ ಬಗೆಗಿನ ಸಾರ್ವಜನಿಕ ಮಾತಿನ ಅವಧಿಯಲ್ಲಿ ಎದ್ದು ನಿಂತು, ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದನ್ನು ಹೇಳಿ ಮುಗಿಸಿದರೆ, ಒಂಬತ್ತು ಮಂದಿಯೂ ಮೌನವಾಗಿ ನೋಡುತ್ತಾರೆ. ‘ಥ್ಯಾಂಕ್ ಯೂ, ನೆಕ್ಸ್ಟ್ ಸ್ಪೀಕರ್’ ಎಂಬ ಮಾತು ಬರುತ್ತದೆ. ಇದು ಅಸಡ್ಡೆಯಲ್ಲ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವನ್ನು ಚರ್ಚಿಸುವುದನ್ನೇ ಕಾಯ್ದೆ ನಿಷೇಧಿಸಿದೆ, ಏಕೆಂದರೆ ಆ ವಿಷಯದಲ್ಲಿ ಆಸಕ್ತಿಯಿದ್ದ ಬೇರೆಯವರಿಗೆ ಸೂಚನೆ ಹೋಗಿರುವುದಿಲ್ಲ. ಚುಟುಕಾಗಿ ಉತ್ತರಿಸುವುದು, ಸಿಬ್ಬಂದಿಗೆ ವಹಿಸುವುದು, ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಹೇಳುವುದು, ಇಷ್ಟನ್ನು ಅವರು ಮಾಡಬಹುದು. ಹಾಗಾದರೆ ನಿಮ್ಮ ಎರಡು ನಿಮಿಷಗಳನ್ನು ಆ ಮೂರನೆಯದನ್ನು ಕೇಳುವುದಕ್ಕೇ ಬಳಸಿ: ‘ಈ ವಿಷಯವನ್ನು ಇಂಥ ತಿಂಗಳ ಕಾರ್ಯಸೂಚಿಗೆ ತನ್ನಿ’ ಎಂದು. ಗ್ರಾಮಸಭೆಯಲ್ಲಿ ಎದ್ದು ನಿಂತು ಅಲ್ಲೇ ಜಗಳವಾಡಿ ಅಲ್ಲೇ ಉತ್ತರ ಪಡೆಯುವ ನಮ್ಮ ಅಭ್ಯಾಸಕ್ಕೆ ಇದು ಒಗ್ಗುವುದು ಕಷ್ಟ, ಆದರೆ ಇಲ್ಲಿನ ದಾರಿ ಇದು.

ಕೆಲವು ವಿಷಯಗಳನ್ನು ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಲು ಅನುಮತಿಯಿದೆ: ನ್ಯಾಯಾಲಯದ ದಾವೆಗಳು, ಆಸ್ತಿಯ ಬೆಲೆಯ ಮಾತುಕತೆ, ಕಾರ್ಮಿಕ ಸಂಘಟನೆಗಳೊಂದಿಗಿನ ಸಂಧಾನ, ಸಿಬ್ಬಂದಿಯ ನೇಮಕ ಮತ್ತು ಮೌಲ್ಯಮಾಪನ, ಭದ್ರತೆಗೆ ಒದಗಿದ ಬೆದರಿಕೆ. ಒಳಗೆ ಹೋಗುವ ಮೊದಲು ಯಾವ ವಿಷಯಕ್ಕೆಂದು ತೆರೆದ ಸಭೆಯಲ್ಲಿ ಹೇಳಬೇಕು. ಒಳಗೆ ಕೈಗೊಂಡ ನಿರ್ದಿಷ್ಟ ಬಗೆಯ ತೀರ್ಮಾನಗಳನ್ನು ಯಾರ ಮತ ಯಾವ ಕಡೆಗೆ ಎಂಬುದರ ಸಮೇತ ಹೊರಗೆ ಬಂದು ವರದಿ ಮಾಡಬೇಕು. ಆ ವರದಿ ಒಂದೇ ವಾಕ್ಯದಲ್ಲಿ ಮುಗಿಯುವುದರಿಂದ ಎದ್ದು ಹೋಗದೆ ಕಾಯುವವರಿಗೆ ಮಾತ್ರ ಕೇಳಿಸುತ್ತದೆ.

ಸಭೆಯ ಹೊರಗೆ ನಡೆಯುವ ಸಭೆಯನ್ನೂ ಕಾಯ್ದೆ ಗುರುತಿಸುತ್ತದೆ. ಒಂಬತ್ತರಲ್ಲಿ ಐವರು ಬಹುಮತ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಫೋನು, ಇಮೇಲ್ ಮಾಡುತ್ತ ಐವರ ನಡುವೆ ಒಂದು ವಿಷಯದ ಚರ್ಚೆ ಸಾಗಿದರೆ, ಒಂದೇ ಕೋಣೆಯಲ್ಲಿ ಸೇರದಿದ್ದರೂ ಅದು ಉಲ್ಲಂಘನೆ. ನೀವು ಒಬ್ಬೊಬ್ಬ ಸದಸ್ಯರನ್ನು ಕಂಡು ಮಾತನಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ‘ಇಂಥವರು ಆಗಲೇ ಒಪ್ಪಿದ್ದಾರೆ’ ಎಂದು ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ಮುಟ್ಟಿಸುವ ದೂತರಾಗಬೇಡಿ, ಅವರನ್ನು ನೀವೇ ತೊಡಕಿಗೆ ಸಿಲುಕಿಸಿದಂತಾಗುತ್ತದೆ.

ನಿಯಮ ಮುರಿದು ತೀರ್ಮಾನ ಕೈಗೊಂಡಿದ್ದಾರೆಂದು ನಿಮಗೆ ಖಚಿತವಾದರೆ, 54960.1ನೇ ಕಲಮು ದಾರಿ ತೋರಿಸುತ್ತದೆ. ಅಲ್ಲಿನ ಗಡುವುಗಳು ಬಿಗಿ. ತೀರ್ಮಾನವಾದ 90 ದಿನಗಳೊಳಗೆ, ತೆರೆದ ಸಭೆಯಲ್ಲಿ ಕಾರ್ಯಸೂಚಿಯ ನಿಯಮ ಮೀರಿದ್ದರೆ 30 ದಿನಗಳೊಳಗೆ, ಯಾವ ತೀರ್ಮಾನ, ಯಾವ ನಿಯಮದ ಉಲ್ಲಂಘನೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ, ಸರಿಪಡಿಸಬೇಕೆಂದು ಮಂಡಳಿಗೆ ಲಿಖಿತವಾಗಿ ಒತ್ತಾಯಿಸಬೇಕು. ಪುರಾವೆಗೆ ಬೇಕಾದ ಕಾಗದಗಳನ್ನು ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಕೇಳಬಹುದು. ಕೊಡುತ್ತಾರೋ ಇಲ್ಲವೋ ಎಂಬುದನ್ನು ಸಂಸ್ಥೆ ಸಾಮಾನ್ಯವಾಗಿ ಹತ್ತು ದಿನಗಳಲ್ಲಿ ತಿಳಿಸಬೇಕು. ನಿಮ್ಮ ಪತ್ರ ತಲುಪಿದ ಮೇಲೆ ಮಂಡಳಿಗೆ 30 ದಿನ. ಅದು ಒಪ್ಪದಿದ್ದರೆ ಅಥವಾ ಸುಮ್ಮನಿದ್ದರೆ, ನಿಮಗೆ ನ್ಯಾಯಾಲಯಕ್ಕೆ ಹೋಗಲು ಕೇವಲ 15 ದಿನ. ಗೆದ್ದವರಿಗೆ ವಕೀಲರ ವೆಚ್ಚವನ್ನು ಸಂಸ್ಥೆಯಿಂದ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ನಿಯಮಗಳನ್ನು ಬಹುಮಟ್ಟಿಗೆ ಪಾಲಿಸಿದ್ದಾರೆಂದು ಕಂಡುಬಂದರೆ ತೀರ್ಮಾನ ರದ್ದಾಗುವುದಿಲ್ಲ.

ಪತ್ರ ಕೈಸೇರಿದ ಮೇಲೆ ಮಂಡಳಿಯು ಅದೇ ವಿಷಯವನ್ನು ಸರಿಯಾದ ಕಾರ್ಯಸೂಚಿಯೊಂದಿಗೆ ಮತ್ತೆ ತಂದು, ಅದೇ ತೀರ್ಮಾನವನ್ನು ಮತ್ತೆ ಮಾಡಲೂಬಹುದು. ಕಾಯ್ದೆಯ ದೃಷ್ಟಿಯಲ್ಲಿ ಅಷ್ಟಕ್ಕೆ ತಪ್ಪು ಸರಿಹೋಯಿತು. ಆದರೂ ಮೊದಲ ಸಲ ಕೈತಪ್ಪಿದ ಎರಡು ನಿಮಿಷ ಆ ದಿನ ನಿಮಗೆ ಮತ್ತೆ ಸಿಗುತ್ತದೆ. ಈ ಸಲ ಸಿಬ್ಬಂದಿಯ ವರದಿ ಓದಿಕೊಂಡು, ಸಭೆ ಶುರುವಾಗುವ ಮೊದಲೇ ಹೋಗಿ ಕುಳಿತಿರಿ.